ಈಸಿಕೊಳ್ಳುವವರ ಹೊಣೆ

ಕೊಡಬೇಕಾದವನ ಧರ್ಮವೇನೆಂಬುದನ್ನು ಕುರಿತು ನಮ್ಮ ಹಿರಿಯರು ಬೇಕಾದಷ್ಟು ವಿಚಾರ ಮಾಡಿದ್ದಾರೆ. ದೇವಋಣ, ಋಷಿಋಣ, ಪಿತೃಋಣ ಎಂಬ ಮೂರು ಋಣಗಳನ್ನು ಹೊತ್ತುಕೊಂಡೇ ಮನುಷ್ಯ ಹುಟ್ಟುತ್ತಾನೆಂಬ ಭಾವನೆ ವೇದಕಾಲದಷ್ಟು ಹಳೆಯದು. ಲೋಕವ್ಯವಹಾರಕ್ಕೆ ಇಳಿದರೂ ಅಷ್ಟೆ. ಸಾಲ, ಕಡ, ಬಾಕಿ, ಕಂದಾಯ, ಹಂಗು ಎಂದು ಕೊಡಬೇಕಾದುದರ ಒಂದೊಂದು ಬಗೆಗೂ ಕನ್ನಡದಲ್ಲಿ ಒಂದೊಂದು ಮಾತಿದೆ. ಆದರೆ ಕೊಡಬೇಕಾದವನ ಎದುರಿಗೆ ಈಸಿಕೊಳ್ಳಬೇಕಾದವನೊಬ್ಬ ಇದ್ದೇ ಇರುತ್ತಾನಲ್ಲ, ಅವನ ಧರ್ಮವೇನು? ಕೈ ನೀಡಿ ತೆಗೆದುಕೊಳ್ಳುವುದರಲ್ಲಿ ಧರ್ಮದ ಮಾತೇನು ಬಂತು ಎಂದು ಕೆಲವರು ನಗಬಹುದು. 'ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ' ಎಂಬ ಗಾದೆ ಕೂಡ ಈಸಿಕೊಂಡವನ ಗತ್ತನ್ನು ಹೇಳಿತೇ ಹೊರತು ಅವನ ಹೊಣೆಯನ್ನು ಹೇಳಲಿಲ್ಲ.

ಈ ಪ್ರಶ್ನೆಯನ್ನು ಹುಡುಕಿಕೊಂಡು ನಾವು ತತ್ತ್ವಶಾಸ್ತ್ರದ ಗ್ರಂಥಗಳಿಗೆ ಹೋಗಬೇಕಾಗಿಲ್ಲ. ಚೆನ್ನೈಯಲ್ಲಿ ಸಂಸಾರ ನಡೆಸುವ ನಮಗೆ ಅದು ಎರಡು ತಿಂಗಳಿಗೊಮ್ಮೆ ಕರೆಂಟ್ ಬಿಲ್ಲಿನ ಜೊತೆಗೆ, ಆರು ತಿಂಗಳಿಗೊಮ್ಮೆ ನೀರಿನ ತೆರಿಗೆಯ ಜೊತೆಗೆ ಮನೆಯ ಬಾಗಿಲಿಗೇ ಬರುತ್ತದೆ. ಬಿಲ್ಲಿನ ಹಣವನ್ನು ಎಲ್ಲಿ ಕಟ್ಟಬೇಕು, ಯಾರ ಕೈಗೆ ಕೊಡಬೇಕು, ಕೊಟ್ಟದ್ದು ತಲುಪಿತೆಂದು ಹೇಗೆ ತಿಳಿಯಬೇಕು ಎಂಬ ಸಣ್ಣ ಸಣ್ಣ ವಿಷಯಗಳಲ್ಲಿ ನ್ಯಾಯ ಅನ್ಯಾಯಗಳ ದೊಡ್ಡ ಮಾತು ಅಡಗಿದೆ ಎಂಬುದೇ ಈ ಲೇಖನದ ಅಭಿಪ್ರಾಯ.

ಮೊದಲು ವಸ್ತುಸ್ಥಿತಿ. ತಮಿಳುನಾಡು ವಿದ್ಯುಚ್ಛಕ್ತಿ ಮಂಡಲಿ ಹುಟ್ಟಿದ್ದು 1957ರ ಜುಲೈ 1ರಂದು. ಅದಕ್ಕೆ ಮುಂಚೆ ಮದರಾಸು ನಗರಕ್ಕೆ ಕರೆಂಟು ಕೊಡುತ್ತಿದ್ದ ಖಾಸಗಿ ಕಂಪೆನಿಯನ್ನು ಸರ್ಕಾರ 1947ರಲ್ಲಿ ವಹಿಸಿಕೊಂಡಿತ್ತು. 2010ರಲ್ಲಿ ಮಂಡಲಿಯನ್ನು ಕಂಪೆನಿಗಳಾಗಿ ಒಡೆದರು, 2024ರಲ್ಲಿ ವಿತರಣೆಯ ಕಂಪೆನಿಗೆ ಮತ್ತೊಂದು ಹೆಸರು ಬಂತು. ಹೆಸರು ಎಷ್ಟು ಸಲ ಬದಲಾದರೂ ಮನೆಗಳಲ್ಲಿ ಅದು ಇಂದಿಗೂ 'ಇ.ಬಿ.'ಯೇ. ಇ.ಬಿ.ಯವರು ಎರಡು ತಿಂಗಳಿಗೊಮ್ಮೆ ಬಂದು ಮೀಟರು ನೋಡುತ್ತಾರೆ. ಓದಿದ ಅಂಕಿಯನ್ನು ಮನೆಯಲ್ಲೇ ಇರಿಸುವ ಬಿಳಿಯ ಕಾರ್ಡಿನಲ್ಲಿ ಬರೆದು ಹೋಗುವುದು ಬಹುಕಾಲ ನಡೆದು ಬಂದ ಪದ್ಧತಿ. ನೋಡಿದ ದಿನದಿಂದ 20 ದಿನಗಳೊಳಗೆ ಹಣ ಕಟ್ಟಬೇಕು. 2016ರಿಂದ ಮನೆಗಳಿಗೆ ಎರಡು ತಿಂಗಳಿಗೆ ಮೊದಲ 100 ಯೂನಿಟ್ ಉಚಿತವಾದ್ದರಿಂದ ಅತಿ ಕಡಿಮೆ ಬಳಸುವವರು ಕಟ್ಟುವ ಪ್ರಸಂಗವೇ ಇಲ್ಲ. ಉಳಿದವರಿಗೆಲ್ಲ ಉಂಟು.

ಇಲ್ಲಿ ವ್ಯಾಪಾರವಾಗುವ ವಸ್ತುವಿನ ಸ್ವರೂಪವನ್ನು ಸ್ವಲ್ಪ ಯೋಚಿಸಬೇಕು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಕಾದರೆ ಒಂದು ಯೂನಿಟ್. ಈ ಯೂನಿಟ್ಟನ್ನು ಕಣ್ಣಿನಿಂದ ನೋಡುವಂತಿಲ್ಲ, ತಕ್ಕಡಿಯಲ್ಲಿ ತೂಗುವಂತಿಲ್ಲ, ಹಿಡಿಸದಿದ್ದರೆ ಹಿಂದಿರುಗಿಸುವಂತೆಯೂ ಇಲ್ಲ. ಬೇಳೆ ಕೊಂಡವನು ಮನೆಗೆ ಬಂದು ತೂಕ ಪರೀಕ್ಷಿಸಬಹುದು. ಕರೆಂಟು ಕೊಂಡವನಿಗೆ ಮೀಟರಿನ ಅಂಕಿಯೇ ಸಾಕ್ಷಿ. ಆದ್ದರಿಂದ ಈ ವ್ಯವಹಾರ ಎರಡು ಬರಹಗಳ ಮೇಲೆ ನಿಂತಿದೆ. ಇಷ್ಟು ಬಳಸಿದ್ದೀಯೆ ಎಂದು ಅವರು ನಮಗೆ ಬರೆದುಕೊಡುವುದು ಒಂದು, ಇಷ್ಟು ಕೊಟ್ಟಿದ್ದೀಯೆ ಎಂದು ಬರೆದುಕೊಡುವುದು ಇನ್ನೊಂದು. ಎರಡನ್ನೂ ಬರೆಯುವವರು ಅವರೇ. ನಮ್ಮ ಕೈಲಿರುವುದು ಹಣ ಮತ್ತು ನಂಬಿಕೆ. ಇಂಥ ವ್ಯವಹಾರದಲ್ಲಿ ರಸೀದಿ ಎಂಬುದು ಕಾಗದದ ಚೂರಲ್ಲ, ದುರ್ಬಲ ಪಕ್ಷದ ಕೈಗೆ ಸಿಕ್ಕ ಒಂದೇ ಒಂದು ಆಧಾರ.

ಈ ಹಣ ಕಟ್ಟುವ ಜಾಗ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮೊದಲು ಇ.ಬಿ. ಸೆಕ್ಷನ್ ಆಫೀಸಿನ ಕಿಟಕಿಯೊಂದೇ ಗತಿಯಾಗಿತ್ತು. ಆಮೇಲೆ ಅಂಚೆ ಕಚೇರಿಗಳಲ್ಲಿಯೂ ತೆಗೆದುಕೊಳ್ಳತೊಡಗಿದರು. ಸರ್ಕಾರದ ಇ-ಸೇವಾ ಕೇಂದ್ರಗಳು ಬಂದವು. ಬೆಂಗಳೂರಿನಲ್ಲಿ 2005ರಲ್ಲಿ 'ಬೆಂಗಳೂರು ಒನ್' ಕೇಂದ್ರಗಳು ತೆರೆದು, ಕರೆಂಟು, ನೀರು, ಟೆಲಿಫೋನುಗಳ ಹಣವನ್ನು ಒಂದೇ ಸೂರಿನಡಿ ಕಟ್ಟುವ ಅನುಕೂಲವಾದದ್ದನ್ನು ಊರಿಗೆ ಹೋಗಿ ಬರುವ ನಮ್ಮವರು ಬಲ್ಲರು. 2014ರಲ್ಲಿ ರಿಸರ್ವ್ ಬ್ಯಾಂಕು ನಿಯಮಗಳನ್ನು ರೂಪಿಸಿ, 2016ರಲ್ಲಿ 'ಭಾರತ್ ಬಿಲ್ ಪೇಮೆಂಟ್ ಸಿಸ್ಟಮ್' ಎಂಬ ವ್ಯವಸ್ಥೆ ಆರಂಭವಾಯಿತು. ಅದರ ಪ್ರಕಾರ ಏಜೆಂಟಾಗಿ ಸೇರಿದ ದಿನಸಿ ಅಂಗಡಿಯವನೋ ಮೊಬೈಲ್ ರೀಚಾರ್ಜ್ ಅಂಗಡಿಯವನೋ ಝೆರಾಕ್ಸ್ ಅಂಗಡಿಯವನೋ ನಮ್ಮ ಬಿಲ್ಲಿನ ಹಣವನ್ನು ನಗದಾಗಿ ತೆಗೆದುಕೊಂಡು, ಆ ಕ್ಷಣವೇ ಕಟ್ಟಿ, ರಸೀದಿ ಕೊಡಬಹುದು. ಅದೇ 2016ರಲ್ಲಿ ಯು.ಪಿ.ಐ. ಬಂದು, ಕೈಯಲ್ಲಿ ಫೋನಿದ್ದವರಿಗೆ ಅಂಗಡಿಯೂ ಬೇಡವಾಯಿತು.

ಕಿಟಕಿಯ ಕಾಲವನ್ನು ನೆನೆದು ಕಣ್ಣೀರು ಹಾಕುವವರ ಗುಂಪಿಗೆ ನಾವು ಸೇರಿದವರಲ್ಲ. ಸರ್ಕಾರಿ ಕಿಟಕಿಯ ಒಳಬದಿಯಲ್ಲಿ ಕುಳಿತು ಸಂಬಳ ಎಣಿಸುವ ನಮಗೆ ಅದರ ಎರಡೂ ಬದಿಯ ಸುಖದುಃಖಗಳು ಗೊತ್ತು. ಹೊರಗೆ ಮೇ ತಿಂಗಳ ಬಿಸಿಲಿನಲ್ಲಿ ಸಾಲು ನಿಂತವರಿಗೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಒಳಗೆ ಕುಳಿತವನಿಗೆ ಚಿಲ್ಲರೆ ಸಿಗುತ್ತಿರಲಿಲ್ಲ, ತಲೆಯೆತ್ತಿ ನೋಡಲು ಪುರಸತ್ತಿರಲಿಲ್ಲ. ಸಾಲು ಮುಗಿಯುವ ಮುನ್ನ ಊಟದ ಹೊತ್ತಾಗಿ ಕಿಟಕಿ ಮುಚ್ಚಿದರೆ ಶಾಪ ಹಾಕುವವರ ತಪ್ಪೂ ಇರಲಿಲ್ಲ, ಮುಚ್ಚಿದವನ ತಪ್ಪೂ ಇರಲಿಲ್ಲ. ಅಂಥ ಸಾಲು ಕರಗಿದ್ದು ಒಳ್ಳೆಯದೇ. ಮನೆಯಲ್ಲೇ ಕುಳಿತು ಎರಡು ನಿಮಿಷದಲ್ಲಿ ಬಾಕಿ ತೀರಿಸಬಲ್ಲವನು ಹಾಗೆ ತೀರಿಸುವುದರಲ್ಲಿ ಯಾವ ದೋಷವೂ ಇಲ್ಲ.

ಪ್ರಶ್ನೆಯಿರುವುದು ಹಾಗೆ ಮಾಡಲಾರದವರ ವಿಷಯದಲ್ಲಿ, ಹಾಗೆ ಮಾಡಲು ಇಷ್ಟವಿಲ್ಲದವರ ವಿಷಯದಲ್ಲಿ. ಅವರು ಯಾರು? ದಿನಗೂಲಿಯನ್ನು ನಗದಾಗಿ ಪಡೆದು ನಗದಾಗಿಯೇ ಖರ್ಚು ಮಾಡುವವರು. ಕಣ್ಣು ಮಂಜಾಗಿ ಫೋನಿನ ಸಣ್ಣ ಅಕ್ಷರ ಓದಲಾರದ ವೃದ್ಧರು. ಮನೆಯಲ್ಲಿರುವ ಒಂದೇ ಫೋನನ್ನು ಮಗ ಕೆಲಸಕ್ಕೆ ಒಯ್ದಾಗ ಕೈ ಬರಿದಾಗುವ ಗೃಹಿಣಿಯರು. ನಮ್ಮ ಕನ್ನಡ ಮನೆಗಳಲ್ಲಿ ಇನ್ನೊಂದು ಬಗೆಯವರಿದ್ದಾರೆ. ಐವತ್ತು ವರ್ಷದ ಹಿಂದೆ ಉಡುಪಿಯಿಂದಲೋ ಹಾಸನದಿಂದಲೋ ಮದುವೆಯಾಗಿ ಬಂದು, ತಮಿಳನ್ನು ನೀರು ಕುಡಿದಂತೆ ಮಾತನಾಡುವ, ಆದರೆ ತಮಿಳು ಅಕ್ಷರವನ್ನಾಗಲಿ ಇಂಗ್ಲಿಷನ್ನಾಗಲಿ ಓದಲಾರದ ಅಜ್ಜಿಯಂದಿರು. ಟ್ರಿಪ್ಲಿಕೇನಿನಲ್ಲಿ, ಮಾಂಬಲದಲ್ಲಿ, ಅಯನಾವರದಲ್ಲಿ ಇಂಥವರು ಬೇಕಾದಷ್ಟಿದ್ದಾರೆ. ಅವರು ಬಾಯಿಂದ ಕೇಳಿ, ಬಾಯಿಂದ ಹೇಳಿ ವ್ಯವಹಾರ ಮಾಡಬಲ್ಲರು. ಫೋನಿನ ತೆರೆಯ ಎದುರಿಗೆ ಮಾತ್ರ ಅವರು ನಿರಕ್ಷರಿಗಳು. ಇಂಥವರಿಗೆಲ್ಲ ಮೂಲೆಯ ಅಂಗಡಿಯೇ ಕಿಟಕಿಯಾಗಿದೆ.

ಆ ಅಂಗಡಿಯಲ್ಲಿ ನಡೆಯುವುದನ್ನು ಗಮನಿಸಿ. ಚೆನ್ನೈಯ ಜನ 'ಅಣ್ಣಾಚ್ಚಿ ಕಡೈ' ಎನ್ನುವ ದಿನಸಿ ಅಂಗಡಿಗೆ ಆಕೆ ಉದ್ದಿನಬೇಳೆಗೆಂದು ಹೋಗುತ್ತಾಳೆ. ಸೆರಗಿನ ಗಂಟಿನಲ್ಲಿ ಬಿಲ್ಲಿನ ನಂಬರು ಬರೆದ ಚೀಟಿ ಇರುತ್ತದೆ. ಅಂಗಡಿಯವನು ನಂಬರು ಒತ್ತುತ್ತಾನೆ. ಯಜಮಾನರ ಹೆಸರು, ಬಾಕಿಯ ಮೊತ್ತ ಕಾಣಿಸುತ್ತದೆ. ಅವನು ಗಟ್ಟಿಯಾಗಿ ಓದಿ ಹೇಳುತ್ತಾನೆ. ಹೋದ ಸಲಕ್ಕಿಂತ ಯಾಕೆ ಹೆಚ್ಚು ಎಂದು ಆಕೆ ಕೇಳುತ್ತಾಳೆ. ಬೇಸಿಗೆಯಲ್ಲವೇ ಅಮ್ಮಾ, ಫ್ಯಾನು ನಿಲ್ಲುವುದೇ ಇಲ್ಲವಲ್ಲ ಎಂದು ಅವನು ಉತ್ತರಿಸುತ್ತಾನೆ. ಹಣ ಎಣಿಸಿ ಕೊಡುತ್ತಾಳೆ, ಎಣಿಸಿ ತೆಗೆದುಕೊಳ್ಳುತ್ತಾನೆ, ಚೀಟಿ ಕೊಡುತ್ತಾನೆ. ಐದೋ ಹತ್ತೋ ರೂಪಾಯಿ ಹೆಚ್ಚಿಗೆ ಕೇಳುವ ಅಂಗಡಿಯೂ ಉಂಟು, ದಿನಸಿಯ ಗಿರಾಕಿ ಎಂದು ಬಿಡುವ ಅಂಗಡಿಯೂ ಉಂಟು.

ಇಲ್ಲಿ ಮೊದಲ ಪ್ರಶ್ನೆ ಏಳುತ್ತದೆ: ಈ ಅಂಗಡಿಯವನು ಯಾರ ಕಡೆಯವನು? ಕೇಳಲು ಹುಡುಗಾಟವೆನಿಸಿದರೂ ಎಲ್ಲವೂ ಇದರ ಮೇಲೆ ನಿಂತಿದೆ. 1872ರ ಕರಾರು ಕಾಯಿದೆ ಏಜೆಂಟ್ ಎಂದರೆ ಯಾರು ಎಂಬುದನ್ನು 182ನೆಯ ಕಲಮಿನಲ್ಲಿ ಹೇಳುತ್ತದೆ. ಇನ್ನೊಬ್ಬರ ಪರವಾಗಿ ಕೆಲಸ ಮಾಡಲು, ಮೂರನೆಯವರೊಡನೆ ವ್ಯವಹರಿಸುವಾಗ ಅವರನ್ನು ಪ್ರತಿನಿಧಿಸಲು ನೇಮಕವಾದವನು ಏಜೆಂಟ್. ಅಂಗಡಿಯವನು ವಸೂಲಿಗೆಂದು ಕ್ರಮವಾಗಿ ನೇಮಕವಾಗಿದ್ದರೆ ಅವನ ಕೈ ಎಂದರೆ ಕೇಳುವವರ ಕೈ. ಅಲ್ಲಿಗೆ ಬಿದ್ದ ಹಣ ಮುಂದೆ ದಾರಿಯಲ್ಲಿ ತಡವಾದರೆ ಅದನ್ನು ಕೊಟ್ಟವಳ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಾಗಲ್ಲದೆ ಅವನು ತನ್ನ ಸ್ವಂತ ಫೋನಿನಿಂದ ಉಪಕಾರಕ್ಕೆಂದೋ ಐದು ರೂಪಾಯಿಯ ಆಸೆಗೋ ಕಟ್ಟುವವನಾದರೆ ಅವನು ಆಕೆ ಕಳಿಸಿದ ಆಳಿನ ಹಾಗೆ. ಅವನು ಮರೆತರೆ ನಷ್ಟ ಆಕೆಯದು. ಎರಡು ಅಂಗಡಿಗಳೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಎರಡರಲ್ಲಿಯೂ ಅದೇ ತೆರೆ, ಅದೇ ನಗು, ಅದೇ ಐದು ರೂಪಾಯಿ. ಆದರೆ ಒಂದರಲ್ಲಿ ಕೊಟ್ಟ ಕ್ಷಣಕ್ಕೆ ಋಣ ಹರಿಯುತ್ತದೆ, ಇನ್ನೊಂದರಲ್ಲಿ ಹರಿಯುವುದಿಲ್ಲ. ಈ ವ್ಯತ್ಯಾಸ ಆಕೆಗೆ ಗೊತ್ತಾಗುವ ಬಗೆ ಹೇಗೆ? ಗೊತ್ತುಮಾಡಿಕೊಡುವ ಹೊಣೆ ಯಾರದು? ನೂರಾರು ಅಂಗಡಿಗಳ ಮೂಲಕ ಹಣ ತಮಗೆ ಬರಲಿ ಎಂದು ಬಯಸುವವರದೇ ಆಗಬೇಕು. ಯಾವ ಅಂಗಡಿ ತಮ್ಮದು ಎಂದು ಓದಲು ಬಾರದವರಿಗೂ ತಿಳಿಯುವ ಗುರುತು ಹಾಕುವುದು ಈಸಿಕೊಳ್ಳುವವರ ಮೊದಲ ಕರ್ತವ್ಯವೆಂದು ನಮಗೆ ತೋರುತ್ತದೆ.

ಎರಡನೆಯದು ಆ ಐದು ರೂಪಾಯಿಯ ಪ್ರಶ್ನೆ. ಅಂಗಡಿಯವನು ತನ್ನ ಸಮಯ, ಕರೆಂಟು, ಇಂಟರ್ನೆಟ್ಟು ಖರ್ಚು ಮಾಡುತ್ತಾನೆ. ದುಡಿಮೆಗೆ ಕೂಲಿ ಸಲ್ಲಬೇಕು, ಬಿಟ್ಟಿ ಚಾಕರಿಯನ್ನು ಯಾವ ಧರ್ಮವೂ ಒಪ್ಪುವುದಿಲ್ಲ. ಆದರೆ ಕೂಲಿ ಕೊಡಬೇಕಾದವರು ಯಾರು? ಪದಾರ್ಥವಿಜ್ಞಾನದಲ್ಲಿ ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಎಂದು ಓದಿದ್ದೇವೆ. ಕಚೇರಿಯ ಕೆಲಸಕ್ಕೂ ಈ ಮಾತು ಅನೇಕ ವೇಳೆ ಸಲ್ಲುತ್ತದೆ. ಕಿಟಕಿಯ ಗುಮಾಸ್ತ ಮಾಡುತ್ತಿದ್ದ ಕೆಲಸವೆಲ್ಲ ಮಾಯವಾಗಿಲ್ಲ. ನಂಬರು ಒತ್ತುವುದು, ಹೆಸರು ಸರಿನೋಡುವುದು, ಮೊತ್ತ ಖಚಿತಪಡಿಸುವುದು ಇಷ್ಟನ್ನು ಈಗ ಫೋನುಳ್ಳವನು ತಾನೇ ಮಾಡಿಕೊಳ್ಳುತ್ತಾನೆ, ಫೋನಿಲ್ಲದವಳಿಗಾಗಿ ಅಂಗಡಿಯವನು ಮಾಡುತ್ತಾನೆ. ಉಳಿತಾಯವಾದದ್ದು ಕಿಟಕಿ ಮುಚ್ಚಿದವರಿಗೆ. ಹಾಗಿದ್ದ ಮೇಲೆ ಕೂಲಿಯನ್ನು ಉಳಿತಾಯದ ಲಾಭ ಪಡೆದವರು ಕೊಡಬೇಕಲ್ಲದೆ, ಬೇರೆ ದಾರಿ ಇಲ್ಲದವಳ ಗಂಟಿನಿಂದ ಕೀಳುವುದು ಸರಿಯಲ್ಲ. ಫೋನಿದ್ದವನು ಏನೂ ಹೆಚ್ಚಿಗೆ ಕೊಡದೆ ಕಟ್ಟುತ್ತಾನೆ, ಬಡವಿ ಐದು ರೂಪಾಯಿ ಹೆಚ್ಚಿಗೆ ಕೊಟ್ಟು ಕಟ್ಟುತ್ತಾಳೆ ಎಂದರೆ ಬಡತನಕ್ಕೆ, ಮುಪ್ಪಿಗೆ ವಿಧಿಸಿದ ತೆರಿಗೆಯಾಯಿತು. ಮೊತ್ತ ಚಿಕ್ಕದೆಂದು ಅನ್ಯಾಯ ಚಿಕ್ಕದಾಗುವುದಿಲ್ಲ.

ಮೂರನೆಯದು ನಗದಿನ ಪ್ರಶ್ನೆ. ಚೆನ್ನೈ ಮಹಾನಗರ ಕುಡಿನೀರು ಮಂಡಲಿ 1978ರಲ್ಲಿ ಸ್ಥಾಪನೆಯಾದದ್ದು. ಮೆಟ್ರೋವಾಟರ್ ಎಂದರೆ ಎಲ್ಲರಿಗೂ ಗೊತ್ತು. 2024ರ ಅಕ್ಟೋಬರ್ 1ರಿಂದ ಅದು ತೆರಿಗೆ ಮತ್ತು ನೀರಿನ ಶುಲ್ಕಗಳಿಗೆ ನಗದು, ಚೆಕ್ಕು, ಡಿ.ಡಿ.ಗಳನ್ನು ನಿಲ್ಲಿಸಿ, ಡಿಜಿಟಲ್ ಮಾರ್ಗವೊಂದನ್ನೇ ಇಟ್ಟುಕೊಂಡಿತು. ಸೋಜಿಗವೆಂದರೆ, ಸರಿಯಾಗಿ ಅದೇ 2024ರ ಅಕ್ಟೋಬರ್ 1ರಂದು ಸಾವಿರಾರು ಮೈಲಿ ದೂರದ ನಾರ್ವೆ ದೇಶದಲ್ಲಿ ಅಂಗಡಿಗಳಲ್ಲಿ ನಗದು ಕೊಟ್ಟು ವ್ಯವಹರಿಸುವ ಗ್ರಾಹಕನ ಹಕ್ಕನ್ನು ಬಲಪಡಿಸುವ ಕಾನೂನಿನ ತಿದ್ದುಪಡಿ ಜಾರಿಗೆ ಬಂತು. ನಾರ್ವೆ ಹಿಂದುಳಿದ ದೇಶವಲ್ಲ. ನಗದನ್ನು ಎಲ್ಲರಿಗಿಂತ ಮುಂಚೆ ಕೈಬಿಟ್ಟ ದೇಶಗಳಲ್ಲಿ ಅದೂ ಒಂದು. ಆ ದಾರಿಯ ತುದಿಯವರೆಗೂ ಹೋಗಿ ನೋಡಿದವರು, ಹಿಂದೆ ಉಳಿದವರು ಯಾರಿದ್ದಾರೆಂದು ತಿರುಗಿ ನೋಡುತ್ತಿರುವಾಗ ನಾವು ಆ ದಾರಿಯಲ್ಲಿ ಓಡತೊಡಗಿದ್ದೇವೆ.

ಕಾನೂನು ಏನನ್ನುತ್ತದೆ? 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 26ನೆಯ ಕಲಮಿನ ಪ್ರಕಾರ ಬ್ಯಾಂಕು ಹೊರಡಿಸಿದ ನೋಟು ಭಾರತದ ಯಾವ ಜಾಗದಲ್ಲಾದರೂ ಸಲ್ಲುವ ಹಣ. ಕರಾರು ಕಾಯಿದೆಯ 38ನೆಯ ಕಲಮು, ಕೊಡಬೇಕಾದವನು ಸರಿಯಾದ ಕಾಲದಲ್ಲಿ ಸರಿಯಾದ ಸ್ಥಳದಲ್ಲಿ ಯಾವ ಷರತ್ತೂ ಹಾಕದೆ ಕೊಡಲು ಬಂದಾಗ ಎದುರಿನವನು ತೆಗೆದುಕೊಳ್ಳದಿದ್ದರೆ, ಕೊಡದೆ ಹೋದ ತಪ್ಪು ಇವನದಲ್ಲ ಎನ್ನುತ್ತದೆ. ಇಷ್ಟನ್ನೇ ಓದಿದರೆ ನ್ಯಾಯ ಪೂರ್ತಿ ನಮ್ಮ ಅಜ್ಜಿಯ ಕಡೆಗಿದೆ ಎನ್ನಿಸುತ್ತದೆ. ಆದರೆ ಅದೇ ಕಾಯಿದೆಯ 50ನೆಯ ಕಲಮು, ಪಡೆಯಬೇಕಾದವನು ಯಾವ ರೀತಿ, ಯಾವ ಸಮಯ ಹೇಳುತ್ತಾನೋ ಆ ಪ್ರಕಾರ ಸಲ್ಲಿಸಬಹುದೆನ್ನುತ್ತದೆ. ಎಂದರೆ ರೀತಿಯನ್ನು ಗೊತ್ತುಮಾಡುವ ಸ್ವಾತಂತ್ರ್ಯ ಈಸಿಕೊಳ್ಳುವವನಿಗೂ ಉಂಟು. ಇವೆರಡರ ನಡುವೆ ವಕೀಲರು ಬೇಕಾದಷ್ಟು ವಾದಿಸಲಿ. ನಮಗೆ ಕಾಣುವ ನೀತಿ ಇಷ್ಟು: ಇಷ್ಟವಿದ್ದರೆ ಕೊಳ್ಳು, ಇಲ್ಲದಿದ್ದರೆ ಬೇರೆ ಅಂಗಡಿಗೆ ಹೋಗು ಎನ್ನಬಹುದಾದವನು ತನಗೆ ಬೇಕಾದ ರೀತಿ ಗೊತ್ತುಮಾಡಿಕೊಳ್ಳಲಿ. ಬೇರೆ ಅಂಗಡಿಯೇ ಇಲ್ಲದ ವಸ್ತುವನ್ನು ಮಾರುವವನಿಗೆ ಆ ಸ್ವಾತಂತ್ರ್ಯ ಅಷ್ಟೇ ಪೂರ್ಣವಾಗಿ ಇರಲಾರದು. ನೀರಿಗೆ ಎರಡನೆಯ ಮಂಡಲಿ ಇಲ್ಲ. ಕಟ್ಟದಿದ್ದರೆ ದಂಡ ಹಾಕುವ ಅಧಿಕಾರ ಇರುವವರು, ಕಟ್ಟಲು ಬಂದವಳನ್ನು ಬರಿಗೈಯಲ್ಲಿ ಕಳಿಸುವ ಅಧಿಕಾರವನ್ನೂ ಜೊತೆಗಿಟ್ಟುಕೊಳ್ಳಬಾರದು. ಬೇಡಿಕೆಯ ಕೈ ಎಷ್ಟು ಉದ್ದವೋ ಸ್ವೀಕಾರದ ಕೈಯೂ ಅಷ್ಟೇ ಉದ್ದವಿರಬೇಕು. 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೆಯ ಕಲಮು ಹಣ ಬಾರದಿದ್ದರೆ ಕರೆಂಟು ಕತ್ತರಿಸುವ ಅಧಿಕಾರ ಕೊಡುವಾಗ, ಪೂರಾ 15 ದಿನಗಳ ಲಿಖಿತ ನೋಟೀಸು ಕೊಡಬೇಕೆಂದು ಕಟ್ಟುಮಾಡಿರುವುದು ಇದೇ ಭಾವನೆಯಿಂದ. ಶಿಕ್ಷಿಸುವ ಮುನ್ನ ಕೊಡುವ ಅವಕಾಶ ಮಾಡಿಕೊಡು ಎಂದು ಅದರ ಅರ್ಥ. ಅವಕಾಶವೆಂದರೆ ಬರೀ ದಿನಗಳಲ್ಲ, ದಾರಿಯೂ ಹೌದು.

ನಗದೇ ಶ್ರೇಷ್ಠವೆಂದು ನಾವು ಹೇಳುತ್ತಿಲ್ಲ. ಅದಕ್ಕೂ ಸೋಲುವ ದಿನ ಬರುತ್ತದೆ. ಈ ಊರು ಅಂಥ ಒಂದು ತಿಂಗಳನ್ನು ಕಂಡಿದೆ. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟುಗಳು ಸಲ್ಲದಾದವು. 34 ದಿನ ಕಳೆದು, ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿತು. ಸಾವಿರಾರು ಮರಗಳು ಉರುಳಿದವು, ಕಂಬಗಳು ಬಿದ್ದವು, ಕರೆಂಟು ಹೋಯಿತು, ಫೋನಿನ ಸಂಪರ್ಕ ಕಡಿದುಹೋಯಿತು. ಕಾರ್ಡು ಉಜ್ಜಲು ಯಂತ್ರ ನಡೆಯುತ್ತಿರಲಿಲ್ಲ, ನೋಟು ಕೊಡೋಣವೆಂದರೆ ನೋಟಿಗೇ ಬರ. ಎರಡು ದಾರಿಯೂ ಒಟ್ಟಿಗೆ ಮುಚ್ಚಿದ ಆ ದಿನಗಳಲ್ಲಿ ಅನೇಕ ಬೀದಿಗಳಲ್ಲಿ ಹಾಲು, ಅಕ್ಕಿ, ಮೇಣದಬತ್ತಿ ಮನೆಗೆ ಬಂದದ್ದು ಮೂಲೆಯ ಅಂಗಡಿಯವನ ಕಡದ ಪುಸ್ತಕದಿಂದ. ಅವನು ಬರೆದುಕೊಂಡ, ನಾವು ಆಮೇಲೆ ಕೊಟ್ಟೆವು. ಮುಖಪರಿಚಯವೇ ಅಲ್ಲಿ ನಾಣ್ಯವಾಯಿತು. ಇದರಿಂದ ಕಲಿಯಬೇಕಾದ್ದು ಇಷ್ಟು: ಒಂದೇ ದಾರಿಯನ್ನು ನಂಬಿದ ಊರು ಒಂದೇ ಮಳೆಗೆ ಸೋಲುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಕಿಟಕಿಗಳು ಮುಚ್ಚಿದಾಗ ಫೋನೇ ಕಾಪಾಡಿತೆಂಬುದೂ ಅಷ್ಟೇ ನಿಜ. ಒಂದು ಕಷ್ಟದಲ್ಲಿ ಇದು, ಇನ್ನೊಂದು ಕಷ್ಟದಲ್ಲಿ ಅದು. ಎರಡೂ ಉಳಿದಿರಬೇಕೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೇಳುವವರ ಮತ್ತು ಕೊಡುವವರ ನಡುವಿನ ಮಾತು. ಇದಕ್ಕಿಂತ ಸೂಕ್ಷ್ಮವಾದದ್ದೊಂದು ನಮ್ಮ ಮನೆಗಳ ಒಳಗೇ ಇದೆ. ಚೆನ್ನೈಯ ಎಷ್ಟೋ ಕನ್ನಡ ಮನೆಗಳಲ್ಲಿ ಈಗ ಇಬ್ಬರೇ ಇರುತ್ತಾರೆ, ಹಲವು ಕಡೆ ಒಬ್ಬರೇ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಅಪ್ಪನಿಗೆ ತೊಂದರೆ ಏಕೆ ಎಂದು ಮಗ ಅಲ್ಲಿಂದಲೇ ಇಲ್ಲಿಯ ಕರೆಂಟು, ನೀರು, ಫೋನು ಎಲ್ಲದರ ಬಿಲ್ಲನ್ನೂ ಕಟ್ಟಿಬಿಡುತ್ತಾನೆ. ಇದು ಪ್ರೀತಿಯೇ, ಸಂದೇಹವಿಲ್ಲ. ಆದರೆ ನಲವತ್ತು ವರ್ಷ ತಾನೇ ದುಡಿದು ತಾನೇ ಕಟ್ಟಿ, ರಸೀದಿಗಳನ್ನು ದಬ್ಬಣದಿಂದ ಚುಚ್ಚಿ ತಂತಿಗೆ ಏರಿಸಿಟ್ಟ ಮನುಷ್ಯನಿಗೆ, ತನ್ನ ಮನೆಯ ದೀಪ ಯಾರ ಹಣದಿಂದ ಉರಿಯುತ್ತಿದೆಯೆಂಬುದೇ ತಿಳಿಯದಂತಾದರೆ ಹೇಗಿರುತ್ತದೆ? ಆತ ಬಾಯಿಬಿಟ್ಟು ಹೇಳುವುದಿಲ್ಲ. 'ಎಲ್ಲ ಮಗನೇ ನೋಡಿಕೊಳ್ಳುತ್ತಾನೆ' ಎಂದು ಹೆಮ್ಮೆಯಿಂದಲೇ ಹೇಳುತ್ತಾನೆ. ಆ ಹೆಮ್ಮೆಯ ಕೆಳಗೆ ಒಂದು ಸಣ್ಣ ಹಂಗು ಇರುತ್ತದೆ. ಮೀಟರು ಓದಿದ ದಿನ ಅಂಕಿ ನೋಡಿ, ಲೆಕ್ಕ ಹಾಕಿ, ಛತ್ರಿ ಹಿಡಿದು ಮೂಲೆಯ ಅಂಗಡಿಗೆ ನಡೆದು, ಎಣಿಸಿ ಕೊಟ್ಟು, ಚೀಟಿ ತಂದು ಇಡುವುದು ಮಗನ ಕಣ್ಣಿಗೆ ಅಲೆದಾಟ. ಅಪ್ಪನಿಗೆ ಅದು ಯಜಮಾನಿಕೆಯ ಕೊನೆಯ ಕುರುಹು. ಅದನ್ನು ಉಪಕಾರದ ಹೆಸರಿನಲ್ಲಿ ಕಿತ್ತುಕೊಳ್ಳುವುದು ಉಪಕಾರವಲ್ಲ. ತಾನು ಕೊಡಬೇಕಾದುದನ್ನು ತಾನೇ ಕೊಡುವ ಶಕ್ತಿ ಇರುವವರೆಗೆ ಮನುಷ್ಯನಿಗೆ ಬೆನ್ನು ನೇರವಿರುತ್ತದೆ. ಆತನ ಕೈಗೆ ಹಣ ಕೊಡುವುದು ಬೇರೆ, ಆತನ ಕೈಯಿಂದ ಕೆಲಸ ತೆಗೆದುಬಿಡುವುದು ಬೇರೆ.

ಸ್ವಂತ ಕೈಯಿಂದ ಕಟ್ಟುವುದೆಂದರೆ ಫೋನನ್ನು ಇನ್ನೊಬ್ಬನ ಕೈಗೆ ಕೊಡುವುದಲ್ಲ ಎಂಬುದನ್ನೂ ಹೇಳಬೇಕು. ಡಿಜಿಟಲ್ ಒಂದೇ ದಾರಿ ಎಂದಾಗ ವೃದ್ಧರು ಮಾಡುವುದೇನು? ಅಂಗಡಿಯ ಹುಡುಗನಿಗೋ ಪಕ್ಕದ ಮನೆಯವನಿಗೋ ಫೋನು ಕೊಟ್ಟು, ಗುಟ್ಟಿನ ನಂಬರನ್ನೂ ಹೇಳಿಬಿಡುತ್ತಾರೆ. ನೋಟು ಕೊಟ್ಟಾಗ ಬಿಲ್ಲಿನಷ್ಟೇ ಹೋಗುತ್ತದೆ. ಗುಟ್ಟಿನ ನಂಬರು ಕೊಟ್ಟಾಗ ಬ್ಯಾಂಕಿನ ಬೀಗದ ಕೈಯೇ ಹೋಗುತ್ತದೆ. 2022ರ ಸುಮಾರಿಗೆ ದೇಶದ ಅನೇಕ ಊರುಗಳಲ್ಲಿ ಒಂದು ಮೋಸ ಹಬ್ಬಿತು. ಹೋದ ತಿಂಗಳ ಬಿಲ್ಲು ಕಟ್ಟಿಲ್ಲ, ಇಂದು ರಾತ್ರಿ ನಿಮ್ಮ ಕರೆಂಟು ಕಟ್ ಆಗುತ್ತದೆ, ಕೂಡಲೇ ಈ ನಂಬರಿಗೆ ಫೋನು ಮಾಡಿ ಎಂಬ ಸಂದೇಶ ಬರುತ್ತಿತ್ತು. ಗಾಬರಿಯಿಂದ ಫೋನು ಮಾಡಿದವರ ಖಾತೆ ಬರಿದಾಗುತ್ತಿತ್ತು. ಎಲ್ಲಿ ಮನುಷ್ಯಮುಖ ಕಾಣುವುದಿಲ್ಲವೋ ಅಲ್ಲಿ ಯಾವ ಮುಖವಾಡವಾದರೂ ನಡೆಯುತ್ತದೆ. ಅಂಥ ಸಂದೇಶ ಹಿಡಿದು ಅಂಗಡಿಗೆ ಹೋದ ಅಜ್ಜಿಗೆ 'ಅಮ್ಮಾ, ಹೋದ ವಾರ ತಾನೇ ಇಲ್ಲೇ ಕಟ್ಟಿದಿರಿ, ಇದು ಸುಳ್ಳು' ಎಂದು ಹೇಳಬಲ್ಲವನು ಅಣ್ಣಾಚ್ಚಿಯೇ. ಅವನಿಗೆ ಆಕೆಯ ಮುಖ ಗೊತ್ತು, ಆಕೆಗೆ ಅವನ ಅಂಗಡಿ ಗೊತ್ತು. ಅವನೇ ಮೋಸ ಮಾಡಿದರೆ ನಾಳೆ ಬೆಳಿಗ್ಗೆ ಅದೇ ಅಂಗಡಿಯ ಬಾಗಿಲು ತೆಗೆಯಬೇಕು.

ಹಾಗೆಂದು ಅಂಗಡಿಯವನನ್ನು ದೇವರ ಪಟ್ಟಕ್ಕೇರಿಸಬೇಕಾಗಿಲ್ಲ. ಅವನೂ ವ್ಯಾಪಾರಿ. ಬಿಲ್ಲು ಕಟ್ಟಲು ಬಂದವರು ಸೋಪೋ ಎಣ್ಣೆಯೋ ಕೊಳ್ಳಲಿ ಎಂಬುದು ಅವನ ಲೆಕ್ಕ. ಹಣ ತೆಗೆದುಕೊಂಡು 'ಸಂಜೆ ಕಟ್ಟುತ್ತೇನೆ, ಈಗ ಸರ್ವರ್ ಇಲ್ಲ' ಎನ್ನುವವರೂ ಉಂಟು. ಆದ್ದರಿಂದಲೇ ರಸೀದಿಯ ಮಾತನ್ನು ಮತ್ತೆ ಎತ್ತಬೇಕಾಗಿದೆ. ಸ್ನೇಹಕ್ಕೆ ಸ್ನೇಹ, ಲೆಕ್ಕಕ್ಕೆ ಲೆಕ್ಕ. ನಂಬಿಕೆ ಇದೆ ಎಂದು ರಸೀದಿ ಬಿಡುವುದು ನಂಬಿಕೆಗೆ ಮಾಡುವ ಅಪಚಾರ, ಏಕೆಂದರೆ ಜಗಳ ಬಂದ ದಿನ ನಂಬಿಕೆಯನ್ನು ಉಳಿಸುವುದು ಆ ಚೀಟಿಯೇ.

ಈಗ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಇಂಥವರು ಎಷ್ಟು ಮಂದಿ? ಹತ್ತು ವರ್ಷದಲ್ಲಿ ಎಲ್ಲರೂ ಫೋನಿಗೆ ಒಗ್ಗುತ್ತಾರೆ, ಸ್ವಲ್ಪ ಜನರಿಗಾಗಿ ಕಿಟಕಿ, ಏಜೆಂಟು, ನಗದಿನ ಲೆಕ್ಕ ಇಷ್ಟೆಲ್ಲ ಖರ್ಚು ಏಕೆ ಎಂದು ಕೇಳುವವರಿದ್ದಾರೆ. ಖರ್ಚಿನ ಮಾತು ಸುಳ್ಳಲ್ಲ, ಅದು ಕೊನೆಗೆ ಎಲ್ಲರ ಬಿಲ್ಲಿನ ಮೇಲೆಯೇ ಬೀಳುತ್ತದೆ. ಆದರೂ ನಮ್ಮ ಉತ್ತರ ಎರಡು. ಮುಪ್ಪು ಒಂದು ತಲೆಮಾರಿನೊಂದಿಗೆ ಮುಗಿಯುವ ರೋಗವಲ್ಲ. ಇಂದು ಫೋನಿನಲ್ಲಿ ಚುರುಕಾಗಿರುವ ನಾವೇ ಇನ್ನು ಮೂವತ್ತು ವರ್ಷಕ್ಕೆ ಆಗಿನ ಹೊಸ ಯಂತ್ರದ ಎದುರು ಕನ್ನಡಕ ಒರೆಸಿಕೊಳ್ಳುತ್ತ ನಿಂತಿರುತ್ತೇವೆ. ಎರಡನೆಯದಾಗಿ, ಕರೆಂಟು, ನೀರುಗಳನ್ನು ಗುಡ್ಡದ ಮೇಲಿನ ಒಂಟಿಮನೆಗೂ ಕೊಡಬೇಕೆಂದು ನಾವು ಒಪ್ಪಿದ್ದೇವೆ. ಒಬ್ಬನಿಗಾಗಿ ಹತ್ತು ಕಂಬ ನೆಟ್ಟದ್ದು ದಂಡವೆಂದು ಯಾರೂ ಹೇಳುವುದಿಲ್ಲ. ಕೊಡುವುದಕ್ಕೆ ಒಪ್ಪಿದ ನ್ಯಾಯವನ್ನು ಈಸಿಕೊಳ್ಳುವುದಕ್ಕೂ ಒಪ್ಪಬೇಕಲ್ಲವೆ? ತಂತಿ ಹೋದಲ್ಲೆಲ್ಲ ರಸೀದಿಯೂ ಹೋಗಬೇಕು.

ಈ ವಿಚಾರದಿಂದ ನಮಗೆ ಹೊರಡುವ ಫಲಿತಾಂಶಗಳನ್ನು ಸುಮ್ಮನೆ ಒಟ್ಟು ಮಾಡಿ ಹೇಳುತ್ತೇವೆ. ಬೇರೆ ಗತಿಯಿಲ್ಲದ ವಸ್ತುವನ್ನು ಕೊಟ್ಟು ಹಣ ಕೇಳುವವರು, ನಡೆದು ಹೋಗಬಹುದಾದ ದೂರದಲ್ಲಿ, ನೋಟು ತೆಗೆದುಕೊಳ್ಳುವ ಒಂದು ಕೈಯನ್ನಾದರೂ ಇಟ್ಟಿರಬೇಕು. ಅದು ಕಚೇರಿಯ ಕಿಟಕಿಯಾಗಬಹುದು, ಅಂಚೆಯಾಗಬಹುದು, ಅಂಗಡಿಯಾಗಬಹುದು. ಅಂಗಡಿಯಾದರೆ ಅದು ತಮ್ಮ ಕೈ ಎಂದು ಒಪ್ಪಿಕೊಳ್ಳಬೇಕು, ಅಲ್ಲಿ ಕೊಟ್ಟದ್ದು ತಮಗೆ ಕೊಟ್ಟದ್ದೆಂದೇ ತಿಳಿಯಬೇಕು. ಅಂಗಡಿಯವನ ಕೂಲಿಯನ್ನು ತಾವೇ ಕೊಡಬೇಕು. ರಸೀದಿ ಓದಲು ಬರುವಂತಿರಬೇಕು, ಓದಲಾರದವರಿಗೆ ಓದಿ ಹೇಳುವವರಿರಬೇಕು.

ನಮ್ಮ ಕಡೆಗೂ ಕೆಲವು ಕರ್ತವ್ಯಗಳುಂಟು. ದಾರಿ ತೆರೆದಿರಲಿ ಎಂದು ಕೇಳುವವರು ಕೊನೆಯ ದಿನದವರೆಗೆ ಕಾಯದೆ ಹೊತ್ತಿಗೆ ಸರಿಯಾಗಿ ಕಟ್ಟಬೇಕು. ಪಕ್ಕದ ಮನೆಯ ವೃದ್ಧರಿಗಾಗಿ ನಮ್ಮ ಫೋನಿನಿಂದ ಕಟ್ಟಿಕೊಟ್ಟರೆ ಸಂದೇಶವನ್ನು ಅವರಿಗೆ ಓದಿ ತೋರಿಸಿ, ಕಾಗದದ ಮೇಲೆ ಬರೆದುಕೊಡಬೇಕು, ಅವರು ಕೊಡುವ ಹಣವನ್ನು ಬೇಡವೆನ್ನದೆ ಎಣಿಸಿ ತೆಗೆದುಕೊಳ್ಳಬೇಕು. ಬೇಡವೆನ್ನುವುದು ದೊಡ್ಡಸ್ತಿಕೆಯಂತೆ ಕಂಡರೂ ಅವರನ್ನು ಹಂಗಿಗೆ ಗುರಿಮಾಡುತ್ತದೆ. ಈ ಊರಿನ ಕನ್ನಡ ಸಂಘಗಳು ರಾಜ್ಯೋತ್ಸವ, ದಾಸರ ಆರಾಧನೆಗಳನ್ನು ನಡೆಸುವ ಜೊತೆಗೆ, ಎರಡು ತಿಂಗಳಿಗೊಂದು ಭಾನುವಾರ ಒಂದು ಮೇಜು ಹಾಕಿ, ಬಿಲ್ಲಿನಲ್ಲಿ ಏನು ಬರೆದಿದೆ, ಯಾವ ಸಂದೇಶ ನಿಜ, ಯಾವುದು ಮೋಸ ಎಂದು ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿದರೆ ಅದೂ ಭಾಷೆಯ ಸೇವೆಯೇ. ಭಾಷೆ ಬರುವುದು ಇಂಥ ಹೊತ್ತಿಗೆ ಒದಗುವುದಕ್ಕಾಗಿ.

ಬಾಕಿ ತೀರಿದಾಗ ನಮ್ಮ ಹಳೆಯ ಲೆಕ್ಕದ ಪುಸ್ತಕಗಳಲ್ಲಿ 'ಚುಕ್ತಾ' ಎಂದು ಬರೆಯುತ್ತಿದ್ದರು. ಆ ಒಂದು ಮಾತಿಗೆ ಇಬ್ಬರು ಬೇಕು, ಕೊಟ್ಟೆ ಎನ್ನುವವನೊಬ್ಬ, ಬಂತು ಎನ್ನುವವನೊಬ್ಬ. ಕೊಟ್ಟೆ ಎನ್ನುವುದನ್ನು ನಮ್ಮ ಜನ ಇಷ್ಟು ಕಾಲ ಬಿಸಿಲಿನಲ್ಲಿ ನಿಂತು ನಡೆಸಿಕೊಂಡು ಬಂದಿದ್ದಾರೆ. ಬಂತು ಎಂದು ಮುಖ ನೋಡಿ ಹೇಳುವವರೊಬ್ಬರು ಎಲ್ಲ ಬೀದಿಗಳಲ್ಲಿಯೂ ಉಳಿದಿರಲಿ.